ಕಸಿಯಾದ ಐದನೇ ತಿಂಗಳಲ್ಲಿ ಕ್ರಿಯೇಟಿನಿನ್ 1.1ರಿಂದ 1.6ಕ್ಕೆ ಏರಿದೆ: ಇದು ರಿಜೆಕ್ಷನ್ನೇ ಆಗಿರಬೇಕೆ?

ಪ್ರಶ್ನೆ — ಅಕ್ಕನ ಕೊಡುಗೆ

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ಐದು ತಿಂಗಳ ಹಿಂದೆ ಮೂತ್ರಪಿಂಡದ ಕಸಿಯಾಯಿತು; ದಾನಿ ನನ್ನ ಸ್ವಂತ ಅಕ್ಕ. ಶಸ್ತ್ರಚಿಕಿತ್ಸೆಯ ನಂತರದ ದಿನಗಳು ಬಹುಮಟ್ಟಿಗೆ ನೆಮ್ಮದಿಯಾಗಿಯೇ ಕಳೆದವು. ನಾಲ್ಕನೇ ವಾರದಲ್ಲಿ ಮೂತ್ರನಾಳದ ಸ್ಟೆಂಟ್ (ಒಳಗೆ ಇರಿಸಿದ್ದ ಸಣ್ಣ ಕೊಳವೆ) ತೆಗೆದರು, ಮೂತ್ರದ ಸೋಂಕು ಒಮ್ಮೆ ಬಂದು ಔಷಧಕ್ಕೆ ಬಗ್ಗಿತು, ಎರಡನೇ ತಿಂಗಳಿನಿಂದ ಕ್ರಿಯೇಟಿನಿನ್ (ಮೂತ್ರಪಿಂಡದ ಕೆಲಸ ಕುಂದಿದಾಗ ರಕ್ತದಲ್ಲಿ ಏರುವ ತ್ಯಾಜ್ಯ) 1.1 ಅಥವಾ 1.2ರಲ್ಲಿಯೇ ನಿಂತಿತ್ತು. ಸಿಎಂವಿ ವೈರಸ್ ಬಾರದಂತೆ ಕೊಡುತ್ತಿದ್ದ ವ್ಯಾಲ್‌ಗ್ಯಾನ್ಸಿಕ್ಲೋವಿರ್ ಮಾತ್ರೆಯನ್ನು ಮೂರು ತಿಂಗಳು ತುಂಬಿದ ಮೇಲೆ ನಿಲ್ಲಿಸಿದರು. ಈಗ ದೇಹದ ನಿರೋಧಕ ಶಕ್ತಿಯನ್ನು ತಗ್ಗಿಸುವ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೋಲೋನ್ ಮತ್ತು ಸೋಂಕು ತಡೆಯುವ ಕೋಟ್ರೈಮಾಕ್ಸಜೋಲ್ ನಡೆಯುತ್ತಿವೆ.

ಕಳೆದ ವಾರದ ಪರೀಕ್ಷೆಯಲ್ಲಿ ಕ್ರಿಯೇಟಿನಿನ್ 1.3 ಬಂದಿತು, ಈ ವಾರ 1.6. ರಕ್ತದಲ್ಲಿನ ಟ್ಯಾಕ್ರೋಲಿಮಸ್ ಮಟ್ಟ ಹಿಂದಿನ ತಿಂಗಳು 8.2 ಇದ್ದದ್ದು ಈಗ 14.6 ಆಗಿದೆ. ಬಿಳಿ ರಕ್ತಕಣಗಳು 2,900ಕ್ಕೆ ಇಳಿದಿವೆ. ರಕ್ತದೊತ್ತಡವೂ ಸ್ವಲ್ಪ ಏರಿದ್ದು, ಬೆಳಗಿನ ಹೊತ್ತು 146/92ರ ಆಸುಪಾಸಿನಲ್ಲಿ ಇರುತ್ತದೆ. ಕೈಗಳು ನಡುಗುತ್ತವೆ, ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳಲು ಮೂರು ಸಲ ಪ್ರಯತ್ನಿಸಬೇಕಾಗುತ್ತಿದೆ. ನಾಲ್ಕು ದಿನಗಳಿಂದ ಭೇದಿ ಇದೆ. ಜ್ವರವಿಲ್ಲ, ಕಸಿಯಾದ ಜಾಗದಲ್ಲಿ ನೋವಿಲ್ಲ, ಮೂತ್ರದ ಪ್ರಮಾಣವೂ ಕಡಿಮೆಯಾದಂತೆ ಕಾಣುವುದಿಲ್ಲ.

ವೈದ್ಯರು ಟ್ಯಾಕ್ರೋಲಿಮಸ್ ಅನ್ನು ದಿನಕ್ಕೆರಡು ಬಾರಿ 2.5 ಮಿಲಿಗ್ರಾಂ ಇದ್ದದ್ದನ್ನು 1.5 ಮಿಲಿಗ್ರಾಂಗೆ ಇಳಿಸಿದ್ದಾರೆ. ಕಸಿಯಾದ ಮೂತ್ರಪಿಂಡವನ್ನು ಕೆಡಿಸಬಲ್ಲ ಬಿಕೆ ವೈರಸ್ಸಿನ ಪರೀಕ್ಷೆಗೆ ರಕ್ತ ತೆಗೆದುಕೊಂಡಿದ್ದಾರೆ, ಸ್ಕ್ಯಾನಿಂಗ್ ಬರೆದುಕೊಟ್ಟಿದ್ದಾರೆ, ಒಂದು ವಾರದಲ್ಲಿ ಕ್ರಿಯೇಟಿನಿನ್ ಇಳಿಯದಿದ್ದರೆ ಬಯಾಪ್ಸಿ (ಮೂತ್ರಪಿಂಡದ ಚೂರೊಂದನ್ನು ಸೂಜಿಯಿಂದ ತೆಗೆದು ಪರೀಕ್ಷಿಸುವುದು) ಮಾಡಬೇಕಾಗಬಹುದು ಎಂದಿದ್ದಾರೆ. ಇದಕ್ಕೆ ಸಂಬಂಧಿಸಿದ್ದಲ್ಲವಾದರೂ ಹೇಳಿಬಿಡುತ್ತೇನೆ: ಬಾಯಲ್ಲಿ ಬಿಳಿ ಪದರ ಕಟ್ಟಿ ನುಂಗುವಾಗ ಉರಿಯಾಗುತ್ತಿದ್ದುದರಿಂದ ಹತ್ತಿರದ ಕ್ಲಿನಿಕ್ಕಿನಲ್ಲಿ ತೋರಿಸಿಕೊಂಡೆ, ಅವರು ಬರೆದುಕೊಟ್ಟ ಮಾತ್ರೆಯನ್ನು ಒಂಬತ್ತು ದಿನಗಳಿಂದ ತೆಗೆದುಕೊಳ್ಳುತ್ತಿದ್ದೇನೆ, ಬಾಯಿ ಈಗ ವಾಸಿಯಾಗಿದೆ.

ನನ್ನ ಪ್ರಶ್ನೆಗಳು ಇಷ್ಟೇ. ಇದು ರಿಜೆಕ್ಷನ್ನೇ, ಅಂದರೆ ದೇಹವು ಕಸಿಯಾದ ಮೂತ್ರಪಿಂಡವನ್ನು ಪರಕೀಯವೆಂದು ತಿರಸ್ಕರಿಸುವುದೇ ಆಗಿರಬೇಕೆ? ಇರುವ ಒಂದೇ ಒಳ್ಳೆಯ ಮೂತ್ರಪಿಂಡಕ್ಕೆ ಸೂಜಿ ಚುಚ್ಚಿಸುವುದು ಎಷ್ಟರಮಟ್ಟಿಗೆ ಸರಿ? ಅಕ್ಕನಿಗೆ ಇನ್ನೂ ಏನನ್ನೂ ತಿಳಿಸಿಲ್ಲ. ಮೊನ್ನೆ ಫೋನಿನಲ್ಲಿ ಅವಳು "ನನ್ನ ಕಿಡ್ನಿ ಹೇಗಿದೆಯೋ" ಎಂದು ತಮಾಷೆಯಾಗಿ ಕೇಳಿದಾಗ ಚೆನ್ನಾಗಿದೆ ಎಂದುಬಿಟ್ಟೆ.

ಉತ್ತರ 1 — ಗಡಿಯಾರ ನೋಡುವವಳು

ನನ್ನ ಪತಿಗೆ ಕಸಿಯಾಗಿ ಏಳು ವರ್ಷಗಳಾದವು. ನಾನು ವೈದ್ಯಳಲ್ಲ, ಆದರೆ ಅವರ ಪ್ರತಿಯೊಂದು ವರದಿಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದವಳು. ನಿಮ್ಮ ಬರಹ ಓದಿದ ಕೂಡಲೇ ಎರಡು ವಿಷಯ ಕೇಳಬೇಕೆನಿಸಿತು.

ಮೊದಲನೆಯದು, 14.6 ಬಂದ ದಿನ ರಕ್ತ ಕೊಟ್ಟದ್ದು ಬೆಳಗಿನ ಮಾತ್ರೆಗೆ ಮೊದಲೋ ನಂತರವೋ? ನಮ್ಮ ಮನೆಯಲ್ಲಿ ಎರಡನೇ ವರ್ಷ ನಡೆದದ್ದನ್ನು ಹೇಳುತ್ತೇನೆ. ಪರೀಕ್ಷೆಯ ದಿನ ಪ್ರಯಾಣದ ಗಡಿಬಿಡಿಯಲ್ಲಿ ಅವರು ಅಭ್ಯಾಸಬಲದಿಂದ ಏಳು ಗಂಟೆಗೆ ಮಾತ್ರೆ ನುಂಗಿ, ಒಂಬತ್ತಕ್ಕೆ ರಕ್ತ ಕೊಟ್ಟರು. ಮಟ್ಟ 19 ಬಂದಿತು. ನಾವು ಯಾರೂ ಮಾತ್ರೆಯ ಸುದ್ದಿ ಎತ್ತಲಿಲ್ಲ, ವೈದ್ಯರೂ ಕೇಳಲಿಲ್ಲ, ಡೋಸ್ ಕಡಿತವಾಯಿತು. ಹದಿನೆಂಟು ದಿನಗಳ ನಂತರ ನಿಜವಾದ ಮಟ್ಟ 3.4 ಎಂದು ತಿಳಿಯುವ ಹೊತ್ತಿಗೆ ಕ್ರಿಯೇಟಿನಿನ್ ಏರಿತ್ತು. ಬಯಾಪ್ಸಿಯಲ್ಲಿ ರಿಜೆಕ್ಷನ್ ಎಂದು ಬಂದು, ಮೂರು ದಿನ ಆಸ್ಪತ್ರೆಯಲ್ಲಿ ಮೀಥೈಲ್‌ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಡ್ರಿಪ್ ಹಾಕಿಸಿಕೊಳ್ಳಬೇಕಾಯಿತು. ಮೂತ್ರಪಿಂಡ ಉಳಿಯಿತು, ಆದರೆ 1.2 ಇದ್ದ ಕ್ರಿಯೇಟಿನಿನ್ ಅಂದಿನಿಂದ 1.5ಕ್ಕಿಂತ ಕೆಳಗೆ ಇಳಿದಿಲ್ಲ. ಹಿಂದಿನ ಡೋಸ್ ತೆಗೆದುಕೊಂಡು ಹನ್ನೆರಡು ಗಂಟೆ ಕಳೆದ ಮೇಲೆ, ಮುಂದಿನ ಡೋಸ್‌ಗೆ ಮುನ್ನ ತೆಗೆದ ರಕ್ತದ ಅಂಕಿಗೆ ಮಾತ್ರ ಅರ್ಥವಿದೆ. ಈಗ ಪರೀಕ್ಷೆಯ ಹಿಂದಿನ ರಾತ್ರಿಯೇ ಮಾತ್ರೆಯ ಡಬ್ಬಿಯನ್ನು ನನ್ನ ಕೈಚೀಲದಲ್ಲಿ ಹಾಕಿಕೊಳ್ಳುತ್ತೇನೆ. ರಕ್ತ ಕೊಟ್ಟು ಹೊರಬಂದ ಮೇಲೆಯೇ ಅದು ಅವರ ಕೈಗೆ ಸೇರುವುದು.

ಎರಡನೆಯದು, "ಸಂಬಂಧಿಸಿದ್ದಲ್ಲ" ಎಂದಿರಲ್ಲ, ಆ ಬಾಯಿಯ ಮಾತ್ರೆಯ ಹೆಸರೇನು? ದಯವಿಟ್ಟು ಪಟ್ಟಿಯ ಹಿಂಭಾಗ ನೋಡಿ ತಿಳಿಸಿ.

ಅಕ್ಕನ ಕೊಡುಗೆ

ರಕ್ತವನ್ನು ಮಾತ್ರೆಗೆ ಮೊದಲೇ ಕೊಟ್ಟಿದ್ದೆ ಮೇಡಂ, ಅದರಲ್ಲಿ ತಪ್ಪಿಲ್ಲ. ಬಾಯಿಯ ಮಾತ್ರೆ ಫ್ಲುಕೋನಜೋಲ್ ಎಂಬ ಶಿಲೀಂಧ್ರ ನಾಶಕ, 200 ಮಿಲಿಗ್ರಾಂ, ದಿನಕ್ಕೊಂದು. ಹದಿನಾಲ್ಕು ದಿನ ಬರೆದಿದ್ದಾರೆ, ಇನ್ನು ಐದು ಉಳಿದಿವೆ. ಕಸಿ ವಿಭಾಗದ ವೈದ್ಯರಿಗೆ ಇದನ್ನು ತಿಳಿಸಿಲ್ಲ; ಅವರು ಕೇಳಲೂ ಇಲ್ಲ, ನನಗೆ ಹೊಳೆಯಲೂ ಇಲ್ಲ.

ಉತ್ತರ 2 — ನಿವೃತ್ತ ಮೂತ್ರಪಿಂಡ ತಜ್ಞ

ಇದನ್ನು ಓದಿದ ತಕ್ಷಣ ನಿಮ್ಮ ಕಸಿ ವಿಭಾಗಕ್ಕೆ ಫೋನ್ ಮಾಡಿ ಫ್ಲುಕೋನಜೋಲ್ ವಿಷಯ ತಿಳಿಸಿ. ನಾಳೆಯವರೆಗೆ ಕಾಯುವುದು ಬೇಡ. ಉಳಿದದ್ದನ್ನು ಆಮೇಲೆ ಓದಬಹುದು.

ಕಾರಣ ಹೀಗಿದೆ. ಟ್ಯಾಕ್ರೋಲಿಮಸ್ ಅನ್ನು ಕರುಳಿನಲ್ಲಿಯೂ ಯಕೃತ್ತಿನಲ್ಲಿಯೂ ಒಡೆದು ಹೊರಹಾಕುವ ಕಿಣ್ವವನ್ನು ಫ್ಲುಕೋನಜೋಲ್ ತಡೆಹಿಡಿಯುತ್ತದೆ. ಹೀಗಾಗಿ ನೀವು ನುಂಗುವ ಮಾತ್ರೆ ಅಷ್ಟೇ ಇದ್ದರೂ ರಕ್ತದಲ್ಲಿ ಅದರ ಮಟ್ಟ ಏರುತ್ತ ಹೋಗುತ್ತದೆ. ಇದರ ಮೇಲೆ ಭೇದಿಯೂ ಸೇರಿಕೊಂಡಿದೆ. ಭೇದಿಯಲ್ಲಿ ಔಷಧ ಹೀರಿಕೆಯಾಗದೆ ಮಟ್ಟ ಇಳಿಯುತ್ತದೆಂದು ಅನೇಕರು ಭಾವಿಸುತ್ತಾರೆ, ಆದರೆ ಟ್ಯಾಕ್ರೋಲಿಮಸ್ ವಿಷಯದಲ್ಲಿ ಸಾಮಾನ್ಯವಾಗಿ ಆಗುವುದು ಇದಕ್ಕೆ ವಿರುದ್ಧವಾದದ್ದು: ಕರುಳಿನ ಒಳಪದರ ಕೆಟ್ಟಾಗ ಔಷಧವನ್ನು ಅಲ್ಲಿಯೇ ಒಡೆಯುವ ಕೆಲಸ ಕುಂಠಿತವಾಗಿ, ಹೆಚ್ಚು ಔಷಧ ರಕ್ತಕ್ಕೆ ಸೇರುತ್ತದೆ. ಮಟ್ಟ ಏರಿದಾಗ ಟ್ಯಾಕ್ರೋಲಿಮಸ್ ಮೂತ್ರಪಿಂಡದೊಳಕ್ಕೆ ರಕ್ತ ತರುವ ಸಣ್ಣ ನಾಳಗಳನ್ನು ಬಿಗಿಗೊಳಿಸುತ್ತದೆ. ಕ್ರಿಯೇಟಿನಿನ್ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಕೈ ನಡುಗುತ್ತದೆ. ದೇಹದಲ್ಲಿ ನೀರಿನಂಶ ಕಡಿಮೆಯಾದರೆ ಅದೂ ಕ್ರಿಯೇಟಿನಿನ್ ಅನ್ನು ಮೇಲಕ್ಕೆ ತಳ್ಳುತ್ತದೆ. ನಿಮ್ಮ ಪಟ್ಟಿಯಲ್ಲಿರುವ ಬಹುಪಾಲು ಲಕ್ಷಣಗಳಿಗೆ ಇದೊಂದೇ ವಿವರಣೆ ಸಾಲುತ್ತದೆ.

ಆದರೆ ನನಗೆ ಹೆಚ್ಚು ಆತಂಕವಾಗುತ್ತಿರುವುದು ಇಂದಿನ 14.6ರ ಬಗ್ಗೆ ಅಲ್ಲ, ಇನ್ನು ಹತ್ತು ದಿನಗಳ ಆಚೆಗಿನ ಮಟ್ಟದ ಬಗ್ಗೆ. ವೈದ್ಯರು ಫ್ಲುಕೋನಜೋಲ್ ಇರುವುದನ್ನು ತಿಳಿಯದೆ ಡೋಸ್ ಇಳಿಸಿದ್ದಾರೆ. ಐದು ದಿನಗಳಲ್ಲಿ ಆ ಮಾತ್ರೆ ಮುಗಿಯುತ್ತದೆ, ಅದರ ಪ್ರಭಾವ ಮುಂದಿನ ಕೆಲವು ದಿನಗಳಲ್ಲಿ ಕರಗುತ್ತದೆ, ಭೇದಿಯೂ ನಿಲ್ಲುತ್ತದೆ. ಕಿಣ್ವ ಮತ್ತೆ ತನ್ನ ಕೆಲಸ ಆರಂಭಿಸಿದಾಗ ನಿಮ್ಮ ಕೈಯಲ್ಲಿ ಇರುವುದು 1.5 ಮಿಲಿಗ್ರಾಂ ಮಾತ್ರ. ಮಟ್ಟ ಬೇಕಾದುದಕ್ಕಿಂತ ಕೆಳಗೆ ಜಾರುತ್ತದೆ, ನೀವು ಯಾವುದಕ್ಕೆ ಹೆದರುತ್ತಿದ್ದೀರೋ ಆ ರಿಜೆಕ್ಷನ್‌ಗೆ ಆಗ ನಿಜವಾದ ಅವಕಾಶ ಸಿಗುತ್ತದೆ. ಇಂತಹ ಔಷಧವನ್ನು ಸೇರಿಸುವಾಗ ಒಮ್ಮೆ, ನಿಲ್ಲಿಸಿದ ಮೇಲೆ ಇನ್ನೊಮ್ಮೆ ಮಟ್ಟ ಪರೀಕ್ಷಿಸಲೇಬೇಕು. ಹಾಗೆಂದು ನೀವಾಗಿಯೇ ಫ್ಲುಕೋನಜೋಲ್ ನಿಲ್ಲಿಸುವುದಾಗಲಿ ಟ್ಯಾಕ್ರೋಲಿಮಸ್ ಏರಿಸುವುದಾಗಲಿ ಖಂಡಿತ ಬೇಡ; ಎರಡನ್ನೂ ಲೆಕ್ಕ ಹಾಕಿ ಹೊಂದಿಸಬೇಕಾದವರು ನಿಮ್ಮ ವೈದ್ಯರು.

ಹೀಗೆ ಮಟ್ಟ ಏರಿಸುವ ಇತರ ಔಷಧಗಳೆಂದರೆ ಕ್ಲಾರಿಥ್ರೋಮೈಸಿನ್, ಎರಿಥ್ರೋಮೈಸಿನ್, ಡಿಲ್ಟಿಯಾಜೆಮ್, ವೆರಾಪಮಿಲ್. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮತ್ತು ಅಪಸ್ಮಾರಕ್ಕೆ ಕೊಡುವ ಫೆನಿಟೋಯಿನ್, ಕಾರ್ಬಮಜೆಪೀನ್ ಇದಕ್ಕೆ ವಿರುದ್ಧವಾಗಿ ಮಟ್ಟವನ್ನು ಕುಸಿಯುವಂತೆ ಮಾಡುತ್ತವೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಗಳು ಮಟ್ಟವನ್ನು ಬದಲಿಸದಿದ್ದರೂ ಮೂತ್ರಪಿಂಡಕ್ಕೆ ನೇರವಾಗಿ ಪೆಟ್ಟು ಕೊಡುತ್ತವೆ. ಈ ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಹಲ್ಲಿನ ವೈದ್ಯರಾಗಲಿ ಚರ್ಮದ ವೈದ್ಯರಾಗಲಿ ಏನನ್ನು ಬರೆದುಕೊಟ್ಟರೂ ಮೊದಲ ಮಾತ್ರೆ ನುಂಗುವ ಮುನ್ನ ಕಸಿ ವಿಭಾಗಕ್ಕೆ ಒಂದು ಫೋನ್ ಮಾಡಿದರೆ ಸಾಕು.

ಇನ್ನು ಇದು ರಿಜೆಕ್ಷನ್ನೇ ಎಂಬ ಪ್ರಶ್ನೆ. ಆಗಿರಲೇಬೇಕೆಂದಿಲ್ಲ, ಆದರೆ ಅಲ್ಲವೆಂದು ಹೊರಗಿನಿಂದ ನೋಡಿ ಹೇಳಲೂ ಬರುವುದಿಲ್ಲ. ಜ್ವರ, ಕಸಿಯ ಜಾಗದಲ್ಲಿ ಬಾವು ಮತ್ತು ನೋವು, ಮೂತ್ರ ಕಡಿಮೆಯಾಗುವುದು ಮುಂತಾದ ಹಳೆಯ ಪುಸ್ತಕಗಳ ಲಕ್ಷಣಗಳು ಇಂದಿನ ಔಷಧಗಳ ಕಾಲದಲ್ಲಿ ಬಹಳ ಜನರಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಎಷ್ಟೋ ಸಲ ಕ್ರಿಯೇಟಿನಿನ್ ಏರಿಕೆಯೊಂದೇ ಸುಳಿವು. ಹಾಗೆಯೇ ಕಸಿಯಾದ ಮೂತ್ರಪಿಂಡದ ನರಗಳ ಸಂಪರ್ಕ ಕಡಿದಿರುವುದರಿಂದ, ಸ್ಟೆಂಟ್ ತೆಗೆದ ಮೇಲೆ ಮೂತ್ರನಾಳ ಕಿರಿದಾಗಿ ಮೂತ್ರ ಕಟ್ಟಿಕೊಂಡರೂ ಸಾಮಾನ್ಯವಾಗಿ ಬರಬೇಕಾದ ಆ ತೀವ್ರ ನೋವು ಬಾರದೆ ಇರಬಹುದು. ಸ್ಕ್ಯಾನಿಂಗ್ ಬರೆದಿರುವುದು ಇದಕ್ಕಾಗಿ. ಮೂತ್ರಪಿಂಡದ ಪಕ್ಕದಲ್ಲಿ ದುಗ್ಧರಸ ಶೇಖರವಾಗಿ ಮೂತ್ರನಾಳವನ್ನು ಒತ್ತುತ್ತಿದ್ದರೂ, ರಕ್ತನಾಳ ಕಿರಿದಾಗಿದ್ದರೂ ಅದರಲ್ಲಿ ಗೊತ್ತಾಗುತ್ತದೆ.

ಬಿಳಿ ರಕ್ತಕಣ ಇಳಿದಿರುವುದಕ್ಕೆ ಮೈಕೋಫಿನೋಲೇಟ್ ಕಾರಣವಿರಬಹುದು, ಕೋಟ್ರೈಮಾಕ್ಸಜೋಲ್ ಕೂಡ ಇರಬಹುದು. ಆದರೆ ವ್ಯಾಲ್‌ಗ್ಯಾನ್ಸಿಕ್ಲೋವಿರ್ ನಿಲ್ಲಿಸಿ ಎರಡು ತಿಂಗಳಾಗಿದೆ, ಜೊತೆಗೆ ಭೇದಿ ಇದೆ ಎಂದಾಗ ನಾನಾಗಿದ್ದರೆ ಸಿಎಂವಿಗೂ ಒಂದು ಪಿಸಿಆರ್ (ರಕ್ತದಲ್ಲಿ ವೈರಸ್ ಹುಡುಕುವ ಪರೀಕ್ಷೆ) ಕಳುಹಿಸುತ್ತಿದ್ದೆ. ಈ ವೈರಸ್ ಕಾಯಿಲೆಯಾಗಿ ಎದ್ದೇಳುವುದು ಹೆಚ್ಚಾಗಿ ತಡೆಗಟ್ಟುವ ಮಾತ್ರೆ ನಿಂತ ನಂತರದ ತಿಂಗಳುಗಳಲ್ಲಿ, ಮತ್ತು ಅದು ಕರುಳನ್ನು ಹಿಡಿಯುವುದು ಅಪರೂಪವಲ್ಲ. ಇದನ್ನು ನಿಮ್ಮ ವೈದ್ಯರಲ್ಲಿ ಪ್ರಶ್ನೆಯಾಗಿಯೇ ಕೇಳಿ, ತಪ್ಪು ತಿಳಿಯುವುದಿಲ್ಲ.

ಉತ್ತರ 3 — ಹನ್ನೊಂದನೇ ವರ್ಷ

ನನಗೆ ಕಸಿಯಾಗಿ ಹನ್ನೊಂದನೇ ವರ್ಷ ನಡೆಯುತ್ತಿದೆ. ಡಾಕ್ಟರರು ಹೇಳಿದ್ದಕ್ಕೆ ಸೇರಿಸುವಂಥದ್ದು ಹೆಚ್ಚೇನಿಲ್ಲ, ಆದರೆ ಬಯಾಪ್ಸಿಯ ಭಯ ಏನೆಂದು ನಾನು ಬಲ್ಲೆ, ಎರಡು ಸಲ ಮಾಡಿಸಿಕೊಂಡಿದ್ದೇನೆ. ಕಸಿಯಾದ ಮೂತ್ರಪಿಂಡ ಕೆಳಹೊಟ್ಟೆಯಲ್ಲಿ, ಚರ್ಮಕ್ಕೆ ಹತ್ತಿರದಲ್ಲಿಯೇ ಇರುವುದರಿಂದ ಬೆನ್ನ ಮೇಲೆ ಮಲಗಿಯೇ ಮಾಡಿಸಿಕೊಳ್ಳಬಹುದು. ಆ ಜಾಗವನ್ನು ಮರಗಟ್ಟಿಸಿ, ಸ್ಕ್ಯಾನಿಂಗ್ ಪರದೆಯನ್ನು ನೋಡುತ್ತ ಸೂಜಿ ಹಾಕುತ್ತಾರೆ. ಸ್ಟೇಪ್ಲರ್ ಒತ್ತಿದಂತೆ ಟಕ್ ಎಂಬ ಸದ್ದು ಕೇಳುತ್ತದೆ. ನನಗೆ ನೋವಿಗಿಂತ ಆ ಸದ್ದೇ ಬೆಚ್ಚಿಬೀಳಿಸಿತು. ಅನಂತರ ಆರು ಗಂಟೆ ಅಲುಗಾಡದೆ ಮಲಗಿರಬೇಕು, ಮೂತ್ರದ ಬಣ್ಣ ನೋಡುತ್ತಿರುತ್ತಾರೆ. ಮೊದಲ ಸಲ ಮೂತ್ರ ತುಸು ಕೆಂಪಾಗಿ ಬಂದು ಮರುದಿನಕ್ಕೆ ತಿಳಿಯಾಯಿತು, ಎರಡನೇ ಸಲ ಅದೂ ಆಗಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಂಚಿತವಾಗಿ ತಿಳಿಸಿ.

ಆದರೂ ನನ್ನ ಅಭಿಪ್ರಾಯ ಕೇಳಿದರೆ, ಇಷ್ಟು ಸ್ಪಷ್ಟವಾದ ಕಾರಣ ಸಿಕ್ಕಿರುವಾಗ ಬಯಾಪ್ಸಿಯನ್ನು ಸುಮ್ಮನೆ ಕೈಬಿಡಲು ಕೇಳಿಕೊಳ್ಳಬಹುದಲ್ಲವೇ?

ನಿವೃತ್ತ ಮೂತ್ರಪಿಂಡ ತಜ್ಞ

ಮುಂದೂಡಲು ಕೇಳಬಹುದು, ಕೈಬಿಡಲು ಅಲ್ಲ. ಮಟ್ಟ ಸರಿಹೋದ ಮೇಲೂ ಕ್ರಿಯೇಟಿನಿನ್ ಹಿಂದಿನ ಜಾಗಕ್ಕೆ ಮರಳದಿದ್ದರೆ ಬಯಾಪ್ಸಿ ಬೇಕೇಬೇಕು. ಕ್ರಿಯೇಟಿನಿನ್ ಏರಿಸುವ ಎರಡು ಕಾಯಿಲೆಗಳಿಗೆ ಒಂದಕ್ಕೊಂದು ವಿರುದ್ಧವಾದ ಚಿಕಿತ್ಸೆ ಇದೆ ಎಂಬುದನ್ನು ಗಮನಿಸಿ. ರಿಜೆಕ್ಷನ್ ಆಗಿದ್ದರೆ ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ತಗ್ಗಿಸಬೇಕು. ಬಿಕೆ ವೈರಸ್ ಮೂತ್ರಪಿಂಡಕ್ಕೆ ಇಳಿದಿದ್ದರೆ ಅದನ್ನು ಕೊಲ್ಲುವ ನೆಚ್ಚಬಹುದಾದ ಔಷಧವಿಲ್ಲದ ಕಾರಣ, ನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನೇ ಕಡಿಮೆ ಮಾಡಿ, ದೇಹವೇ ವೈರಸ್ಸನ್ನು ಹತ್ತಿಕ್ಕಲು ಬಿಡಬೇಕು. ಊಹಿಸಿ ಒಂದು ಕಡೆ ಹೆಜ್ಜೆಯಿಟ್ಟು, ರೋಗ ಇನ್ನೊಂದು ಕಡೆಯದಾಗಿದ್ದರೆ ಮೂತ್ರಪಿಂಡವೇ ಹೋದೀತು. ಸೂಕ್ಷ್ಮದರ್ಶಕದಲ್ಲಿಯೂ ಇವೆರಡು ಒಂದನ್ನೊಂದು ಹೋಲುವುದುಂಟು. ವೈರಸ್ಸನ್ನು ಗುರುತಿಸುವ ವಿಶೇಷ ಬಣ್ಣದ ಪರೀಕ್ಷೆ ಮಾಡಿ ಬೇರ್ಪಡಿಸುತ್ತಾರೆ. ರಕ್ತಸ್ರಾವದ ಅಪಾಯ ಇಲ್ಲವೆಂದಲ್ಲ, ಆದರೆ ಅದರಿಂದ ಮೂತ್ರಪಿಂಡ ಕಳೆದುಕೊಳ್ಳುವುದು ಅತ್ಯಂತ ವಿರಳ.

ಮನೆಯಲ್ಲಿ ಏನನ್ನು ಗಮನಿಸಬೇಕೆಂದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೋಗಿ. ಪ್ರೆಡ್ನಿಸೋಲೋನ್ ತೆಗೆದುಕೊಳ್ಳುವವರಲ್ಲಿ ಗಂಭೀರ ಸೋಂಕಿದ್ದರೂ ಜ್ವರ ಸೌಮ್ಯವಾಗಿಯೇ ಇರಬಹುದು, ಆದ್ದರಿಂದ ಕೇವಲ ಸುಸ್ತು, ಹೊಸ ಕೆಮ್ಮು, ಏದುಸಿರು ಕಂಡರೂ ತಿಳಿಸಿ. ಮೂತ್ರ ದಿಢೀರನೆ ಕಡಿಮೆಯಾದರೆ, ಕಾಲು ಊದಿಕೊಂಡರೆ, ಎರಡು ದಿನಗಳಲ್ಲಿ ತೂಕ ಎರಡು ಕಿಲೋ ಏರಿದರೆ, ವಾಂತಿಯಾಗಿ ಮಾತ್ರೆಗಳು ಹೊಟ್ಟೆಯಲ್ಲಿ ನಿಲ್ಲದಿದ್ದರೆ ಫೋನ್ ಮಾಡಿ. ಸಕ್ಕರೆಯನ್ನೂ ಆಗಾಗ ನೋಡಿಸಿ: ಟ್ಯಾಕ್ರೋಲಿಮಸ್ ಮತ್ತು ಪ್ರೆಡ್ನಿಸೋಲೋನ್ ಎರಡೂ ಅದನ್ನು ಏರಿಸುತ್ತವೆ, ಪ್ರೆಡ್ನಿಸೋಲೋನ್ ಬೆಳಿಗ್ಗೆ ತೆಗೆದುಕೊಳ್ಳುವವರಲ್ಲಿ ಏರಿಕೆ ಮಧ್ಯಾಹ್ನದ ನಂತರ ಕಾಣುವುದರಿಂದ ಬರಿಹೊಟ್ಟೆಯ ಪರೀಕ್ಷೆಯಲ್ಲಿ ಅದು ತಪ್ಪಿಸಿಕೊಳ್ಳುತ್ತದೆ.

ಗಡಿಯಾರ ನೋಡುವವಳು

ಇನ್ನೊಂದು ಮಾತು. ಟ್ಯಾಕ್ರೋಲಿಮಸ್‌ನಲ್ಲಿ ದಿನಕ್ಕೆರಡು ಬಾರಿಯದು, ದಿನಕ್ಕೊಮ್ಮೆಯದು ಎಂದು ಬೇರೆ ಬೇರೆ ಬಗೆಗಳಿವೆ, ಒಂದರ ಬದಲು ಇನ್ನೊಂದನ್ನು ತೆಗೆದುಕೊಳ್ಳುವಂತಿಲ್ಲ. ಔಷಧದಂಗಡಿಯಲ್ಲಿ ಡಬ್ಬಿಯ ಹೆಸರು ಅಥವಾ ಮಾತ್ರೆಯ ಬಣ್ಣ ಬದಲಾದಂತೆ ಕಂಡರೆ, ಮನೆಗೆ ತರುವ ಮೊದಲೇ ಕೇಳಿ.

ಅಕ್ಕನಿಗೆ ತಿಳಿಸಿಬಿಡಿ. ನನ್ನ ಪತಿಗೆ ಮೂತ್ರಪಿಂಡ ಕೊಟ್ಟವಳು ನಾನೇ. ಆ ಹದಿನೆಂಟು ದಿನಗಳ ಕೊನೆಯಲ್ಲಿ ಅವರು ವರದಿಯೊಂದನ್ನು ದಿಂಬಿನ ಕೆಳಗೆ ಬಚ್ಚಿಟ್ಟಿದ್ದರು. ಕ್ರಿಯೇಟಿನಿನ್ ಏರಿದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ, ಬಚ್ಚಿಟ್ಟದ್ದಕ್ಕೆ ಬಂದಿತು.

ಅಕ್ಕನ ಕೊಡುಗೆ (ಹದಿನಾರು ದಿನಗಳ ನಂತರ)

ಎಲ್ಲರಿಗೂ ಕೃತಜ್ಞತೆಗಳು. ಅಂದೇ ಫೋನ್ ಮಾಡಿದೆ. ಫ್ಲುಕೋನಜೋಲ್ ಹೆಸರು ಹೇಳುತ್ತಿದ್ದಂತೆ ಆ ಕಡೆಯಲ್ಲಿ ಒಂದು ಕ್ಷಣ ಮೌನ, ಅನಂತರ "ಎಷ್ಟು ದಿನಗಳಿಂದ?" ಎಂಬ ಪ್ರಶ್ನೆ. ಆ ಮಾತ್ರೆಯನ್ನು ನಿಲ್ಲಿಸಿ, ರಕ್ತಕ್ಕೆ ಸೇರದ ನಿಸ್ಟಾಟಿನ್ ದ್ರವವನ್ನು ಬಾಯಲ್ಲಿ ಆಡಿಸಲು ಕೊಟ್ಟರು. ವಾರಕ್ಕೆರಡು ಸಲ ಮಟ್ಟ ನೋಡಿದರು: 11.3, 7.4, ಮತ್ತೆ 5.1. ಐದರ ಅಂಕಿ ಬಂದ ದಿನವೇ ಡೋಸ್ ಅನ್ನು 2 ಮಿಲಿಗ್ರಾಂಗೆ, ಮೂರು ದಿನಗಳ ನಂತರ ಹಳೆಯ 2.5ಕ್ಕೆ ಏರಿಸಿದರು, ನಿನ್ನೆಯ ಮಟ್ಟ 7.9. ಡಾಕ್ಟರರು ಹೇಳಿದ ಹಾದಿಯಲ್ಲೇ ಅದು ಇಳಿಯುತ್ತ ಹೋದದ್ದನ್ನು ಕಂಡು ನನಗೆ ಸ್ವಲ್ಪ ಭಯವೇ ಆಯಿತು.

ಕ್ರಿಯೇಟಿನಿನ್ 1.4, 1.3, ಈಗ 1.2. ಸ್ಕ್ಯಾನಿಂಗ್‌ನಲ್ಲಿ ಮೂತ್ರ ಕಟ್ಟಿಕೊಂಡಿಲ್ಲ. ಸಿಎಂವಿ ಪರೀಕ್ಷೆಯನ್ನು ನಾನೇ ಕೇಳಿ ಮಾಡಿಸಿಕೊಂಡೆ, ವೈರಸ್ ಸಿಕ್ಕಲಿಲ್ಲ. ಭೇದಿ ಆರನೇ ದಿನಕ್ಕೆ ತಾನಾಗಿ ನಿಂತಿತು. ಬಿಕೆ ವೈರಸ್ ಮಾತ್ರ ರಕ್ತದಲ್ಲಿ ಮಿಲಿಲೀಟರಿಗೆ 2,400 ಪ್ರತಿಗಳಷ್ಟು ಇದೆಯಂತೆ. ಒಂದೇ ಪರೀಕ್ಷೆಯ ಮೇಲೆ ತೀರ್ಮಾನಿಸುವುದಿಲ್ಲ, ಮರುಪರೀಕ್ಷೆಯಲ್ಲೂ ಹಾಗೆಯೇ ಉಳಿದರೆ ಅಥವಾ ಏರಿದರೆ ಮೈಕೋಫಿನೋಲೇಟ್ ಕಡಿಮೆ ಮಾಡುತ್ತೇವೆ ಎಂದಿದ್ದಾರೆ. ಬಯಾಪ್ಸಿಯನ್ನು ಸದ್ಯಕ್ಕೆ ಮುಂದೂಡಿದ್ದಾರೆ. ಮರುಪರೀಕ್ಷೆ ಮುಂದಿನ ಗುರುವಾರ, ಬೆಳಿಗ್ಗೆ ಎಂಟೂವರೆಗೆ. ಅಕ್ಕ ಜೊತೆಗೆ ಬರುತ್ತಾಳೆ, ಮಾತ್ರೆಯ ಡಬ್ಬಿ ಅವಳ ಕೈಚೀಲದಲ್ಲಿ ಇರುತ್ತದೆ.